ಪ್ರಾಸವೂ ಸತ್ಯವೂ

ಕೆಲವು ವರ್ಷಗಳ ಹಿಂದೆ ಮಿತ್ರರೊಬ್ಬರು, ತಮಗೆ ಮಾತೃವಿಯೋಗವಾಗಿ ವರ್ಷ ತುಂಬುವ ಸಮಯದಲ್ಲಿ, ಮನೆಯವರು ಕುಳಿತು ಹಾಡಿಕೊಳ್ಳುವಂತಹ ಹಾಡೊಂದನ್ನು ಬರೆದುಕೊಡಬೇಕೆಂದು ನನ್ನನ್ನು ಕೇಳಿದರು. ಒಪ್ಪಿದೆನು. ಪಲ್ಲವಿಯ ಕೊನೆಯಲ್ಲಿ 'ತಾಯಿ' ಎಂಬ ಪದವು ತಾನಾಗಿಯೇ ಬಂದು ಕುಳಿತಿತು. ತೊಡಕು ಮೊದಲಾದುದು ಅಲ್ಲಿಂದಲೇ. ಇಷ್ಟು ಬಳಕೆಯ ಮಾತಿಗೆ ಜೊತೆಯನ್ನು ಹುಡುಕಹೊರಟರೆ ಬರುವವರು ಯಾರು? ನಾಯಿ, ಕಾಯಿ, ರೂಪಾಯಿ, ಸಿಪಾಯಿ, ಮಿಠಾಯಿ! ಇವರಲ್ಲಿ ಯಾರನ್ನೂ ಆ ಮನೆಯ ನಡುಮನೆಗೆ ಕರೆದೊಯ್ಯುವಂತಿರಲಿಲ್ಲ. ಉಳಿದುದು 'ಬಾಯಿ'. ಸದಾ 'ನಗುವ ಬಾಯಿ' ಎಂದು ಬರೆದು, ರಾಗಕ್ಕೆ ಹೊಂದಿತೆಂದು ಸಮಾಧಾನಪಟ್ಟು ಕೊಟ್ಟೆನು.

ಮಿತ್ರರು ಎರಡು ಸಲ ಓದಿ, "ಚೆನ್ನಾಗಿದೆ ರಾಯರೇ, ಆದರೆ ನಮ್ಮ ಅಮ್ಮ ನಕ್ಕುದನ್ನು ನಾನು ಕಂಡದ್ದೇ ಅಪರೂಪ" ಎಂದರು. ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ಅದೇ ನನ್ನನ್ನು ಹೆಚ್ಚು ನಾಚಿಸಿತು.

ಕವಿಗೆ ಅತಿಶಯೋಕ್ತಿಯ ಸ್ವಾತಂತ್ರ್ಯ ಉಂಟಲ್ಲವೇ ಎಂದು ವಾಚಕರು ಕೇಳಬಹುದು. ಉಂಟು. ಆದರೆ ಅತಿಶಯೋಕ್ತಿಯನ್ನು ಆಡುವವನು ತಾನು ಕಂಡುದನ್ನೇ ಹಿಗ್ಗಿಸಿ ಹೇಳುತ್ತಾನೆ. ನಾನಾದರೋ ಆ ತಾಯಿಯ ಮುಖವನ್ನು ನೆನೆಯಲೇ ಇಲ್ಲ. ಆ ನಗು ಹುಟ್ಟಿದುದು 'ಆಯಿ' ಎಂಬ ಧ್ವನಿಯಿಂದ. ಸುಳ್ಳಾಡುವವನಾದರೂ ಸತ್ಯವಾವುದೆಂದು ಬಲ್ಲನು. ನನಗೆ ಅದರ ಗೊಡವೆಯೇ ಇರಲಿಲ್ಲ.

ಪ್ರಾಸದ ದೊರೆತನ ನಮ್ಮಲ್ಲಿ ಹೊಸದಲ್ಲ. ಪಾದಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವಿರಬೇಕೆಂಬುದು ಹಳಗನ್ನಡ ಪದ್ಯದ ಕಟ್ಟಳೆ. ನಾಗವರ್ಮನ 'ಛಂದೋಂಬುಧಿ'ಯು ಅದನ್ನು ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಬಗೆಯಾಗಿ ವಿಂಗಡಿಸಿದೆ. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಈ ಪ್ರಾಸವನ್ನು ತೊರೆದುದು ಸಾಹಸವೇ ಸರಿ. ತೊರೆಯುವುದೇ ಪರಿಹಾರವೆಂದು ನನಗೂ ಒಮ್ಮೆ ತೋರಿತು. ಆದರೆ ಹಾಡಿನ ಮಾತು ಬೇರೆ. ಕಾಗದವಿಲ್ಲದೆ ಹಾಡುವ ಹೆಂಗಸರಿಗೆ ಮುಂದಿನ ಸಾಲನ್ನು ನೆನಪಿಗೆ ತಂದುಕೊಡುವುದು ಪ್ರಾಸವೇ.

ಆದುದರಿಂದ ಅಂತ್ಯಪ್ರಾಸವನ್ನು ಬಿಟ್ಟು, 'ತಾಯಿ'ಯನ್ನು ಸಾಲಿನ ಮೊದಲಿಗೆ ತಂದು, ಹಳೆಯ ಕಟ್ಟಳೆಗೇ ಶರಣಾದೆನು. ಅಲ್ಲಿ ಮೊದಲಕ್ಷರ ದೀರ್ಘವಾಗಿದ್ದು ಎರಡನೆಯದರಲ್ಲಿ ಯಕಾರವಿದ್ದರೆ ಸಾಕು, ಮುಂದಿನ ಸ್ವರ ಯಾವುದಾದರೂ ಸಲ್ಲುವುದು. ಕಾಯ, ಛಾಯೆ, ಮಾಯೆ, ನ್ಯಾಯ, ಗಾಯ ಎಂದು ಪದಗಳು ಬಂದವು. ಮೊದಲ ನಾಲ್ಕು ಯಾರ ತಾಯಿಗಾದರೂ ಸಲ್ಲುವ ಮಾತುಗಳು. 'ಗಾಯ'ದ ಬಳಿ ನಿಂತೆನು. ಈ ಬಾರಿ ಬರೆಯಲಿಲ್ಲ, ಹೋಗಿ ಕೇಳಿದೆನು.

ಮಿತ್ರರು ಬಹಳ ಹೊತ್ತು ಸುಮ್ಮನಿದ್ದರು. ಅಮ್ಮನ ಬಲಗೈಯ ಮಣಿಕಟ್ಟಿನ ಮೇಲೆ ಸುಟ್ಟ ಕಲೆಯೊಂದಿತ್ತೆಂದೂ, ಹೊರಗಿನವರು ಬಂದಾಗ ಅದನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತಿದ್ದರೆಂದೂ, ತಾವು ಕೂಸಾಗಿದ್ದಾಗ ಒಲೆಯ ಕಡೆಗೆ ಅಂಬೆಗಾಲಿಕ್ಕಿದುದನ್ನು ತಡೆಯಹೋಗಿ ಆದುದೆಂದು ಅಜ್ಜಿ ಹೇಳುತ್ತಿದ್ದರೆಂದೂ ಆಮೇಲೆ ತಿಳಿಸಿದರು. ಅಂತಹ ಗಾಯವೇ ಇರಲಿಲ್ಲವೆಂದು ಅವರು ಹೇಳಿದ್ದರೆ ಆ ಪದವನ್ನೂ ಬಿಡಬೇಕಾಗುತ್ತಿತ್ತು. ಬಿಡುತ್ತಿದ್ದೆನೇ? ಪ್ರಮಾಣ ಮಾಡಿ ಹೇಳಲಾರೆನು.

ಹಾಡು ಮುಗಿಯಿತು. ಆಕೆ ಎಲ್ಲರೂ ಉಂಡ ಮೇಲೆ ಒಬ್ಬರೇ ಕುಳಿತು ಉಣ್ಣುತ್ತಿದ್ದುದನ್ನು ಹೇಳುವ ಒಂದು ಸಾಲಿಗೆ ಮಾತ್ರ ಪ್ರಾಸ ಕೂಡಲೇ ಇಲ್ಲ. ಸೊಸೆಯಂದಿರು ಹಾಡುವಾಗ ಅಲ್ಲಿಗೆ ಬಂದು ತುಸು ತಡವರಿಸುತ್ತಾರೆ. ತಿದ್ದಿಕೊಡುತ್ತೇನೆಂದು ಎರಡು ಸಲ ಹೇಳಿದೆನು, ಮಿತ್ರರು ಬೇಡವೆಂದರು.