ಇರುಗನಿಗೆ ಕಟ್ಟಿದ ಪಟ್ಟ

ಹೊಸಕೋಟೆ, ದೇವನಹಳ್ಳಿ ಕಡೆ ಓಡಾಡಿದವರಿಗೆ ಗೊತ್ತು: ಹೊಲದ ಬದುವಿನಲ್ಲೋ ಕೆರೆ ಏರಿಯ ಪಕ್ಕದಲ್ಲೋ ಮೊಣಕಾಲುದ್ದ ಹೂತುಹೋದ ಕಲ್ಲೊಂದು ನಿಂತಿರುತ್ತದೆ. ಅದರ ಮೇಲೆ ಕತ್ತಿ ಎತ್ತಿದ ಹುಡುಗ, ಕೆಲವು ಕಡೆ ಅವನ ಹಿಂದೆ ದನಗಳು. ಊರವರು ಅರಿಶಿನ ಹಚ್ಚುತ್ತಾರೆ, ಹೆಸರು ಕೇಳಿದರೆ ‘ಯಾರೋ ವೀರ’ ಅನ್ನುತ್ತಾರೆ. ಆದರೆ ಶಾಸನತಜ್ಞ ಬಿ. ಎಲ್. ರೈಸ್ ಇಂಥ ಕಲ್ಲುಗಳ ಬರಹವೂ ಸೇರಿದಂತೆ ಈ ತಾಲ್ಲೂಕುಗಳ ಶಾಸನಗಳನ್ನು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ 9ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ.

ಕಲ್ಲು ನೆಟ್ಟರೆ ಸತ್ತವನ ಋಣ ತೀರಿತು ಎಂದು ಆ ಕಾಲದವರು ಅಂದುಕೊಂಡಿರಲಿಲ್ಲ. ಅವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಅದಕ್ಕಿಟ್ಟ ಹೆಸರು ‘ನೆತ್ತರುಗೊಡಗೆ’. ಕೇಳಿದರೇ ಮೈ ಜುಮ್ಮೆನ್ನುತ್ತದೆ.

ನಮ್ಮ ಗ್ರಾಮಾಂತರ ಜಿಲ್ಲೆಯ ಗಡಿ ದಾಟಿ ಬೆಂಗಳೂರಿನ ಬೇಗೂರಿಗೆ ಬನ್ನಿ. ಸುಮಾರು ಕ್ರಿ.ಶ. 890ರ ಅಲ್ಲಿನ ದೊಡ್ಡ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಗತ್ತರನೆಂಬ ವೀರ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಪಡೆಯ ಮೇಲೆ ಬಿದ್ದು, ಆನೆಗೆ ಎದೆಯೊಡ್ಡಿ ಸತ್ತ. ಸುದ್ದಿ ಕೇಳಿದ ಗಂಗ ದೊರೆ ಎರೆಯಪ್ಪ ಎರಡು ಕೆಲಸ ಮಾಡಿದ. ಇರುಗ ಎಂಬುವನಿಗೆ ‘ನಾಗತ್ತರ’ ಪಟ್ಟ ಕಟ್ಟಿದ; ಬೆಂಪೂರಿನ (ಇಂದಿನ ಬೇಗೂರು) 12 ಊರುಗಳನ್ನು ಕಲ್ನಾಡಾಗಿ, ಅಂದರೆ ವೀರನ ನೆನಪಿನ ದತ್ತಿಯಾಗಿ ಕೊಟ್ಟ. ಊರುಗಳ ಹೆಸರನ್ನೂ ಒಂದೊಂದಾಗಿ ಕಲ್ಲಿನಲ್ಲಿ ಕೆತ್ತಿಸಿದ. ಸತ್ತವನ ಹೆಸರು ಬದುಕಿದವನೊಬ್ಬನ ತಲೆಯೇರಿತು, ಅವನ ಅನ್ನಕ್ಕೂ ದಾರಿಯಾಯಿತು.

ಈಗ ಕಲ್ಲಿನ ಬದಲು ದತ್ತಿ. ಕರಾಟೆಯೋ ಕಿಕ್ ಬಾಕ್ಸಿಂಗೋ ಕಲಿಯುತ್ತಿದ್ದ ಮಗನನ್ನು ಕಳೆದುಕೊಂಡ ತಂದೆತಾಯಿ ಇದ್ದುದನ್ನು ಕೂಡಿಸಿ ಒಂದು ಇಡುಗಂಟು ಇಡುತ್ತಾರೆ, ವರ್ಷಕ್ಕೊಂದು ಮಗುವಿಗೆ ವಿದ್ಯಾರ್ಥಿವೇತನ. ಲೆಕ್ಕ ಹಾಕಿ ನೋಡಿ: ನೂರಕ್ಕೆ ಆರರಂತೆ 1 ಲಕ್ಷಕ್ಕೆ ವರ್ಷಕ್ಕೆ 6,000 ರೂಪಾಯಿ, ತಿಂಗಳಿಗೆ 500. ಗಂಟು ಬೆಳೆಯುವುದಿಲ್ಲ, ಫೀಜು ಬೆಳೆಯುತ್ತದೆ. ಹಳೆಯ ಶಾಲೆಗಳಲ್ಲಿ ಯಾರದೋ ಸ್ಮರಣಾರ್ಥ ಇನ್ನೂ ಐವತ್ತೊಂದು ರೂಪಾಯಿಯ ಬಹುಮಾನ ಕೊಡುವುದನ್ನು ಕಂಡವರು ಇದ್ದೀರಿ. ಆ ಕವರನ್ನು ಹಿಡಿದ ಹುಡುಗ ಪೆಚ್ಚಾಗಿ ನಗುತ್ತಾನೆ. ಎರೆಯಪ್ಪ ಹೊನ್ನು ಕೊಡದೆ ಭೂಮಿ ಕೊಟ್ಟಿದ್ದರಲ್ಲಿ ಬುದ್ಧಿವಂತಿಕೆ ಇತ್ತು.

ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೂಲಿಯವರ ಮಕ್ಕಳಿಗೆ ಆ ಐನೂರೂ ದೊಡ್ಡದೇ. ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣೆ ತರಬೇತಿ ಇದೆ, ಸಂತೋಷ; ಅದರ ಅವಧಿ 3 ತಿಂಗಳು. ನಾಲ್ಕನೇ ತಿಂಗಳು ‘ಇನ್ನೂ ಕಲೀಬೇಕು’ ಅನ್ನುವ ಹುಡುಗಿಗೆ ಡ್ರೆಸ್ಸು, ಬೆಲ್ಟ್ ಪರೀಕ್ಷೆಯ ಶುಲ್ಕ, ಟೂರ್ನಿಗೆ ಹೋಗಿಬರುವ ಬಸ್ ಚಾರ್ಜು ಎಲ್ಲವೂ ಮನೆಯವರ ಮೇಲೆ. ಗರಡಿಯಲ್ಲಾದರೆ ತೆಂಗಿನಕಾಯಿ, ಎಲೆಅಡಿಕೆ ಇಟ್ಟು ಕೈಮುಗಿದರೆ ವಸ್ತಾದರು ಹುಡುಗನನ್ನು ಮಟ್ಟಿಗೆ ಇಳಿಸುತ್ತಿದ್ದರು. (ಹುಡುಗಿಯನ್ನು ಇಳಿಸುತ್ತಿರಲಿಲ್ಲ, ಅದನ್ನೂ ಹೇಳಬೇಕು.)

ಆದರೆ ನನ್ನ ತಕರಾರು ದುಡ್ಡಿನದಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್ ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮೈಸೂರಿನ 23ರ ತರುಣ ಏಟು ತಿಂದು ಕುಸಿದ, ಕೆಲವೇ ದಿನಗಳಲ್ಲಿ ತೀರಿಕೊಂಡ. ಆಂಬುಲೆನ್ಸ್ ಇರಲಿಲ್ಲ, ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂದು ಮನೆಯವರು ದೂರಿದರು. ಅವನು ಬಿದ್ದ ವಿಡಿಯೋವನ್ನು ನಾವೆಲ್ಲ ಫೋನಿನಲ್ಲಿ ನೋಡಿದೆವು, ಒಬ್ಬರಿಂದೊಬ್ಬರಿಗೆ ದಾಟಿಸಿದೆವು.

ದತ್ತಿಪತ್ರದಲ್ಲಿ ‘ಪ್ರತಿಭಾವಂತ ಕ್ರೀಡಾಪಟುವಿಗೆ’ ಎಂದು ಬರೆಯುವುದು ಸುಲಭ. ನಾನಾಗಿದ್ದರೆ ಮೊದಲ ವರ್ಷದ ಬಡ್ಡಿಯನ್ನು ಪದಕ ಗೆದ್ದವನಿಗೆ ಕೊಡುತ್ತಿರಲಿಲ್ಲ. ಒಂದು ಜೊತೆ ತಲೆಗಾಪು, ಹಲ್ಲುಗಾಪು ತರಿಸುತ್ತಿದ್ದೆ. ಎರಡನೇ ವರ್ಷದ್ದನ್ನು ರಿಂಗಿನ ಪಕ್ಕದಲ್ಲಿ ಕೂತು, ಸಾಕು ಎಂದು ಪಂದ್ಯ ನಿಲ್ಲಿಸುವ ಡಾಕ್ಟರಿಗೆ ಕೊಡುತ್ತಿದ್ದೆ. ಮೂರನೇ ವರ್ಷ ಹುಡುಗನಿಗೆ.

ಪಟ್ಟ ಕಟ್ಟಿಸಿಕೊಂಡ ಇರುಗ ಆಮೇಲೆ ಎಷ್ಟು ವರ್ಷ ಬದುಕಿದನೋ, ಬೇಗೂರಿನ ಕಲ್ಲು ಹೇಳುವುದಿಲ್ಲ.