ವಾರಂಟಿ ಕೊಳ್ಳುವ ಮುನ್ನ: ಕೆಲವು ಚಿಂತನ ಕಣಗಳು

• ಹೊಸ ಬೈಕಿಗೆ ಹಾರ ಬಿದ್ದಾಗಿದೆ, ಚಕ್ರದಡಿ ನಿಂಬೆಹಣ್ಣು ಇಟ್ಟಾಗಿದೆ, ಮನೆಮಂದಿ ಫೋಟೊಗೆ ನಿಂತಿದ್ದಾರೆ. ಆ ಹೊತ್ತಿಗೇ ವಿಸ್ತರಿತ ವಾರಂಟಿಯ ಕಾಗದ ಮುಂದೆ ಬರುತ್ತದೆ. ಸಂಭ್ರಮದಲ್ಲಿರುವ ಮನಸ್ಸಿಗೆ ಲೆಕ್ಕ ಹತ್ತುವುದಿಲ್ಲ. ಸಹಿಯನ್ನು ನಾಳೆಗೆ ಇಟ್ಟುಕೊಳ್ಳಿ.

• ಮೂಲ ವಾರಂಟಿ ಚಾಲ್ತಿಯಲ್ಲಿರುವ ತನಕ ವಿಸ್ತರಿತ ವಾರಂಟಿಯನ್ನು ಮುಂದೆಯೂ ಕೊಳ್ಳಲು ಹಲವು ಕಂಪನಿಗಳು ಬಿಡುತ್ತವೆ. "ಇವತ್ತೇ ತಗೊಳ್ಳಿ" ಅಂದವರನ್ನು "ಕೊನೆಯ ದಿನ ಯಾವುದು, ಆಗ ಬೆಲೆ ಎಷ್ಟು?" ಎಂದು ಕೇಳಿ. ಉತ್ತರ ಬರಹದಲ್ಲಿರಲಿ.

• ಕೊಟೇಶನ್ ಹಾಳೆಯಲ್ಲಿ ಸೀಟ್ ಕವರ್, ಲೆಗ್ ಗಾರ್ಡ್‌ಗಳ ಸಾಲಿನಲ್ಲೇ ವಾರಂಟಿಯೂ ಕೂತಿರುತ್ತದೆ. ಸಾಲದ ಕಂತಿಗೆ ಸೇರಿಬಿಟ್ಟರೆ ಅದು ಕಣ್ಣಿಗೇ ಬೀಳದು, ಅದಕ್ಕೂ ಬಡ್ಡಿ ಮಾತ್ರ ಬೀಳುತ್ತದೆ. ಬೇಕಿದ್ದರೆ ಕೈಯಿಂದ ಕೊಟ್ಟು ಕೊಳ್ಳಿ.

• ಹೀರೋ ತನ್ನ ಹಲವು ಬೈಕುಗಳಿಗೆ 5 ವರ್ಷ ಅಥವಾ 70,000 ಕಿ.ಮೀ. ವಾರಂಟಿ ಕೊಡುತ್ತ ಬಂದಿದೆ, ಟಿವಿಎಸ್ 5 ವರ್ಷ ಅಥವಾ 60,000 ಕಿ.ಮೀ. ಹೋಂಡಾ 2023ರಲ್ಲಿ, 250 ಸಿಸಿವರೆಗಿನ ಗಾಡಿಗಳಿಗೆ ಒಟ್ಟು 10 ವರ್ಷದ ತನಕ ರಕ್ಷಣೆ ಕೊಳ್ಳಬಹುದಾದ ಯೋಜನೆ ತಂದಿತು. ಇನ್ನಷ್ಟು ಕೊಳ್ಳುವ ಮೊದಲು ಕೈಯಲ್ಲಿ ಆಗಲೇ ಎಷ್ಟಿದೆ ಎಂದು ನೋಡಿಕೊಳ್ಳಿ.

• 'ಯಾವುದು ಮೊದಲೋ ಅದು' ಎಂಬ ಮಾತಿನಲ್ಲಿ ಇಡೀ ಒಪ್ಪಂದ ಅಡಗಿದೆ. ಊಟ ತಲುಪಿಸುವ ಹುಡುಗ ದಿನಕ್ಕೆ 100 ಕಿ.ಮೀ. ಓಡಿಸಿದರೆ, 300 ದಿನಕ್ಕೆ 30,000 ಕಿ.ಮೀ. ಆಯಿತು. 60,000ದ ಮಿತಿ ಅವನಿಗೆ ಎರಡೇ ವರ್ಷ. ದಿನಕ್ಕೆ 10 ಕಿ.ಮೀ. ಹೋಗಿಬರುವ ಶಿಕ್ಷಕಿಗೆ ಮೊದಲು ಮುಗಿಯುವುದು ವರ್ಷ. ಇಬ್ಬರೂ ಒಂದೇ ಬೆಲೆ ಕೊಡಬಹುದು, ಪಡೆಯುವುದು ಬೇರೆ ಬೇರೆ.

• ತಯಾರಿಕೆಯ ದೋಷ ಬಹುಮಟ್ಟಿಗೆ ಬೇಗ ಬಯಲಾಗುತ್ತದೆ, ಅದನ್ನು ಮೂಲ ವಾರಂಟಿ ನೋಡಿಕೊಳ್ಳುತ್ತದೆ. ಸವಕಳಿ ನಿಧಾನಕ್ಕೆ ಬರುತ್ತದೆ, ಅದನ್ನು ಯಾವ ವಾರಂಟಿಯೂ ಸಾಮಾನ್ಯವಾಗಿ ಹೊರುವುದಿಲ್ಲ. ವಿಸ್ತರಿತ ವಾರಂಟಿ ಹೆಚ್ಚಾಗಿ ಕಾಯುವುದು ಇವೆರಡರ ನಡುವಿನ, ಗಾಡಿ ತೊಂದರೆ ಕೊಡುವುದು ಅಪರೂಪವಾದ ವರ್ಷಗಳನ್ನು.

• ಬ್ರೇಕ್ ಶೂ, ಕ್ಲಚ್ ಪ್ಲೇಟ್, ಚೈನ್ ಸ್ಪ್ರಾಕೆಟ್, ಕೇಬಲ್, ಬಲ್ಬು, ಏರ್ ಫಿಲ್ಟರ್: ನಾವು ಮೆಕ್ಯಾನಿಕ್ ಹತ್ತಿರ ಓಡುವುದು ಹೆಚ್ಚಾಗಿ ಇವುಗಳಿಗೇ. ವಾರಂಟಿ ಹೊರಗಿಡುವುದೂ ಸಾಮಾನ್ಯವಾಗಿ ಇವುಗಳನ್ನೇ. ಏನೇನು ಸೇರಿದೆ ಎಂಬುದಕ್ಕಿಂತ ಏನೇನು ಸೇರಿಲ್ಲ ಎಂಬ ಪಟ್ಟಿಯನ್ನು ಮೊದಲು ಓದಬೇಕು.

• ಆದರೂ ಕಾಲ ಬದಲಾಗಿದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದು, ಬಹುಪಾಲು ಗಾಡಿಗಳಲ್ಲಿ ಕಾರ್ಬ್ಯುರೇಟರ್ ಇದ್ದ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್, ಸೆನ್ಸರ್, ಎಂಜಿನ್ ನಿಯಂತ್ರಿಸುವ ಇಸಿಯು ಬಂದವು. ಜೆಟ್ ಬಿಚ್ಚಿ ಊದಿದರೆ ಗಾಡಿ ಸ್ಟಾರ್ಟ್ ಆಗುತ್ತಿದ್ದ ದಿನ ಹೋಯಿತು. ಇಸಿಯು ಕೆಟ್ಟರೆ ಸಾಮಾನ್ಯವಾಗಿ ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕು. ವಿಸ್ತರಿತ ವಾರಂಟಿಗೆ ನಿಜವಾದ ಬೆಲೆ ಇರುವುದು ಇಲ್ಲಿ. ಈ ಎಲೆಕ್ಟ್ರಾನಿಕ್ ಭಾಗಗಳು ಪಟ್ಟಿಯಲ್ಲಿ ಸೇರಿಲ್ಲದಿದ್ದರೆ ಆ ಕಾಗದ ಬೇಡ.

• ಮೈಸೂರಿನ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿಗಳು ಇಂದಿಗೂ ಓಡುತ್ತಿವೆ. ಅವನ್ನು ಕಾಪಾಡಿದ್ದು ಗಾಡಿಯ ಸದ್ದಿನಲ್ಲೇ ಕಾಯಿಲೆ ಹಿಡಿಯುವ ಮೆಕ್ಯಾನಿಕ್‌ಗಳು. ಅಂಥ ಕೈ ನಿಮ್ಮ ಊರಿನಲ್ಲಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

• ಗಾಡಿ ಬಿದ್ದರೆ, ಕಳುವಾದರೆ, ಮಳೆನೀರಲ್ಲಿ ಮುಳುಗಿದರೆ ನೋಡಬೇಕಾದ್ದು ವಿಮೆಯನ್ನು. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ಎದುರಿನವರ ನಷ್ಟಕ್ಕೆ, ನಿಮ್ಮ ಗಾಡಿಗಲ್ಲ. ಹಣ ಒಂದಕ್ಕೇ ಸಾಲುವುದಾದರೆ ಸ್ವಂತ ಹಾನಿಯ ವಿಮೆ ಮೊದಲು, ವಾರಂಟಿ ಆಮೇಲೆ.

• ವಾರಂಟಿಯ ಬೆಲೆ ರಸೀದಿಯಲ್ಲಿ ಕಂಡಷ್ಟೇ ಅಲ್ಲ. ಅಧಿಕೃತ ಸರ್ವಿಸ್ ಸೆಂಟರಿನಲ್ಲೇ, ಹೇಳಿದ ಅವಧಿಗೇ ಸರ್ವಿಸ್ ಮಾಡಿಸಬೇಕು. ಆ ಖರ್ಚೂ ಅದರದ್ದೇ. ಒಂದು ಸರ್ವಿಸ್ ತಪ್ಪಿದರೆ, ಫಾಗ್ ಲೈಟಿಗೆಂದು ವೈರ್ ಕತ್ತರಿಸಿ ಟೇಪು ಸುತ್ತಿದ್ದರೆ, ಕ್ಲೇಮ್ ತಿರಸ್ಕರಿಸಲು ಅಷ್ಟೇ ಸಾಕಾಗಬಹುದು.

• ಮಾರುವವರು ತಮಗೆ ನಷ್ಟವಾಗದಂತೆಯೇ ಬೆಲೆ ಇಟ್ಟಿರುತ್ತಾರೆ. ಹಾಗಾಗಿ ಬಹುಪಾಲು ಜನ ಕೊಟ್ಟಷ್ಟು ಹಿಂದಕ್ಕೆ ಪಡೆಯುವುದಿಲ್ಲ. ಲಾಭವಾಗುತ್ತದೆಯೇ ಎಂದು ಕೇಳಿಕೊಂಡು ಫಲವಿಲ್ಲ. ಒಂದು ದೊಡ್ಡ ರಿಪೇರಿ ಬಂದರೆ ಆ ತಿಂಗಳು ಮನೆ ನಡೆಯುತ್ತದೆಯೇ ಎಂದು ಕೇಳಿಕೊಳ್ಳಬೇಕು.

• ವಾರಂಟಿ ಕೊಳ್ಳದವರ ಬೆನ್ನಿಗೂ ಕಾನೂನಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೋಷವುಳ್ಳ ಸರಕಿಗೆ ತಯಾರಕರನ್ನು ಹೊಣೆ ಮಾಡುತ್ತದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಜಿಲ್ಲಾ ಆಯೋಗದಲ್ಲಿ ದೂರಿನ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಹೋಗಬೇಕು. ಸಹಾಯವಾಣಿ 1915. ಇದಕ್ಕಾಗಿಯಾದರೂ ಪ್ರತಿ ಬಿಲ್ಲನ್ನೂ ಜೋಪಾನವಾಗಿಡಿ.

• ಬೈಕೇ ನಿಮ್ಮ ದುಡಿಮೆಯಾಗಿದ್ದು, ಕೈಯಲ್ಲಿ ಉಳಿತಾಯ ಇಲ್ಲದಿದ್ದು, ಓಡಿಸುವ ಕಿಲೋಮೀಟರು ಮಿತಿಯೊಳಗೇ ಇರುವುದಾದರೆ, ಕೊಳ್ಳಿ. ಎಲೆಕ್ಟ್ರಾನಿಕ್ಸ್ ಹೆಚ್ಚಿರುವ ದುಬಾರಿ ಗಾಡಿಯನ್ನು ಬಹುಕಾಲ ಇಟ್ಟುಕೊಳ್ಳುವವರೂ ಕೊಳ್ಳಬಹುದು. ಮೂರು ವರ್ಷಕ್ಕೆ ಮಾರುವವರಿಗೆ, ರಿಪೇರಿಯ ಹೊಡೆತ ತಾಳಬಲ್ಲವರಿಗೆ ಬೇಡ. ಅವರು ಅದೇ ಹಣವನ್ನು ಗಾಡಿಯ ಹೆಸರಲ್ಲಿ ಬ್ಯಾಂಕಿನಲ್ಲಿಡಲಿ. ಕೊಂಡರೂ ಬಿಟ್ಟರೂ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿ, ಚೈನಿಗೆ ಎಣ್ಣೆ ಬಿಡಿ.