ಬೇರಿನ ಜಾತಿ ಯಾವುದು?

ಸಮಾಜವನ್ನು ಮರಕ್ಕೆ ಹೋಲಿಸುವ ಭಾಷಣವನ್ನು ನೀವೆಲ್ಲ ಒಂದಲ್ಲ ಒಂದು ಸಲ ಕೇಳಿರುತ್ತೀರಿ. ಬೇರು ಮಣ್ಣಿನೊಳಗಿದೆ, ಕಾಂಡ ನಡುವೆ ಇದೆ, ಎಲೆ ಹೂವು ಮೇಲಿವೆ. ನಾನೇಕೆ ಕತ್ತಲಲ್ಲಿರಬೇಕು ಎಂದು ಬೇರು ಜಗಳ ತೆಗೆದರೆ ಮರ ಉಳಿಯುತ್ತದೆಯೇ? ಆದ್ದರಿಂದ ಎಲ್ಲರೂ ಇದ್ದಲ್ಲೇ ಇದ್ದು ತಮ್ಮ ತಮ್ಮ ಕೆಲಸ ಮಾಡಬೇಕು. ಕೇಳುವುದಕ್ಕೆ ಸೊಗಸಾಗಿರುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಹೋದ ತಿಂಗಳು ನಮ್ಮ ಸೀಮೆಯ ಒಂದು ಸಮಾರಂಭದಲ್ಲಿ ಇದನ್ನು ಕೇಳಿ ಬಂದ ಒಂಬತ್ತನೇ ತರಗತಿಯ ಹುಡುಗಿ, ನಮ್ಮ ಕೇರಿಯವಳೇ, ಮರುದಿನ ನನ್ನನ್ನು ಕೇಳಿದಳು: "ಮಿಸ್, ಹಂಗಾದ್ರೆ ನಾವು ಬೇರಾ?"

ನಾನು ಕನ್ನಡ ಪಾಠ ಮಾಡುವವಳು. ಉಪಮಾಲಂಕಾರಕ್ಕೆ ನಾಲ್ಕು ಅಂಗಗಳು ಎಂದು ಮಕ್ಕಳಿಗೆ ಪ್ರತಿವರ್ಷ ಹೇಳಿಕೊಡುತ್ತೇನೆ: ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ. ಇಲ್ಲಿ ಸಮಾಜ ಉಪಮೇಯ, ಮರ ಉಪಮಾನ, 'ಅಂತೆ' ಎಂಬುದು ವಾಚಕಪದ. ಸಮಾನಧರ್ಮ ಯಾವುದು? ಅದನ್ನು ಭಾಷಣಕಾರರು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಈ ಜಾತಿಯ ಹೋಲಿಕೆ ಬಹಳ ಹಳೆಯದು. ಋಗ್ವೇದದ ಹತ್ತನೇ ಮಂಡಲದ ಪುರುಷಸೂಕ್ತದಲ್ಲಿ ಬಾಯಿ, ತೋಳು, ತೊಡೆ, ಪಾದ ಎಂದು ನಾಲ್ಕು ವರ್ಣಗಳನ್ನು ಒಂದೇ ದೇಹದ ಮೇಲೆ ಹಂಚಿದ್ದಾರೆ. ಆ ದೇಹದಲ್ಲಿ ನಮಗೆ ಪಾದದ ಜಾಗವೂ ಇರಲಿಲ್ಲ. ಈಗ ದೇಹದ ಬದಲು ಮರ ಬಂದಿದೆ. ಹಾಗಾದರೆ ಮರದೊಳಗೆ ನಿಜವಾಗಿ ಏನು ನಡೆಯುತ್ತದೆ ಎಂದು ನಮ್ಮ ವಿಜ್ಞಾನ ಶಿಕ್ಷಕರನ್ನು ಕೂರಿಸಿಕೊಂಡು ಕೇಳಿದೆ, ಒಂದಷ್ಟು ಓದಿದೆ.

ಮೊದಲು ನೀರಿನ ವಿಷಯ. ಬೋರ್‌ವೆಲ್ 1,000 ಅಡಿ ದಾಟಿರುವ ಈ ಸೀಮೆಯಲ್ಲಿ ನೀರು ಎತ್ತುವುದೆಂದರೆ ಮೋಟಾರು, ಕರೆಂಟು, ಕರೆಂಟಿಗೆ ಕಾಯುವ ರಾತ್ರಿ. ಮರಕ್ಕೆ ಮೋಟಾರಿಲ್ಲ. ಬೇರು ನೀರನ್ನು ಕೆಳಗಿನಿಂದ ತಲೆಯ ಮೇಲೆ ಹೊತ್ತು ತಳ್ಳುತ್ತದೆ ಎಂದು ನಾವು ಭಾವಿಸಿರುತ್ತೇವೆ. ಬೇರು ಸ್ವಲ್ಪ ತಳ್ಳುವುದು ನಿಜ. ಬೆಳಗಿನ ಹೊತ್ತು ರಾಗಿ ಹೊಲದಲ್ಲಿ ಎಲೆಯ ತುದಿಗೆ ನಿಂತಿರುವ ಹನಿ ಎಷ್ಟೋ ಸಲ ಮಂಜಲ್ಲ, ರಾತ್ರಿ ಬೇರು ತಳ್ಳಿದ ನೀರು. ಆದರೆ ದೊಡ್ಡ ಮರಕ್ಕೆ ಅಷ್ಟು ಸಾಲದು. ಎಲೆಯ ಮೇಲಿರುವ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತದೆ. ನೀರಿನ ಕಣಗಳು ಒಂದನ್ನೊಂದು ಹಿಡಿದುಕೊಂಡಿರುವುದರಿಂದ ಮೇಲಿನದು ಹೊರಟಾಗ ಕೆಳಗಿನದನ್ನು ಎಳೆದುಕೊಳ್ಳುತ್ತದೆ. ಈ ಎಳೆತ ಎಲೆಯಿಂದ ಕಾಂಡಕ್ಕೆ, ಕಾಂಡದಿಂದ ಬೇರಿಗೆ, ಬೇರಿನಿಂದ ಮಣ್ಣಿನ ತೇವದವರೆಗೆ ಹೋಗುತ್ತದೆ. ಡಿಕ್ಸನ್ ಮತ್ತು ಜೋಲಿ ಎಂಬ ವಿಜ್ಞಾನಿಗಳು ಇದನ್ನು 1894ರಲ್ಲಿ ಮುಂದಿಟ್ಟರು. ಬೇರು ಕುಡಿದ ನೀರಿನಲ್ಲಿ ನೂರಕ್ಕೆ 95 ಭಾಗಕ್ಕಿಂತ ಹೆಚ್ಚು ಹೀಗೆ ಗಾಳಿಗೇ ಹೋಗುತ್ತದೆ.

ಅಂದರೆ ನೀರನ್ನು ಎತ್ತುವವರು ಯಾರು? ಯಾರೂ ಅಲ್ಲ. ಬಿಸಿಲು, ಎಲೆ, ನೀರಿನ ಕಣಗಳ ಹಿಡಿತ, ಬೇರು, ಮಣ್ಣಿನ ತೇವ ಎಲ್ಲ ಕೂಡಿದಾಗ ನೀರು ಏರುತ್ತದೆ, ಒಂದು ತಪ್ಪಿದರೂ ನಿಲ್ಲುತ್ತದೆ. ಪಟಿಚ್ಚ ಸಮುಪ್ಪಾದ ಓದಿದವರಿಗೆ ಇದು ಹೊಸ ಮಾತಲ್ಲ. ಇನ್ನೊಂದು ವಿಚಿತ್ರವಿದೆ. ಆ ನೀರು ಸಾಗುವ ಕ್ಸೈಲಂ ಕೊಳವೆಗಳು ಜೀವ ಕಳೆದುಕೊಂಡ ಕೋಶಗಳು. ಸತ್ತು ಟೊಳ್ಳಾದ ಮೇಲೆಯೇ ಅವು ನೀರಿನ ದಾರಿಯಾಗುತ್ತವೆ. ನಾಳೆ ಯಾರಾದರೂ ಇದನ್ನೇ 'ತ್ಯಾಗ' ಎಂದು ವೇದಿಕೆಯಲ್ಲಿ ಹಾಡಿ ಹೊಗಳಿ, ಗುಂಡಿಗೆ ಇಳಿದು ಸತ್ತ ಪೌರಕಾರ್ಮಿಕನಿಗೆ ಹೋಲಿಸಬಹುದು. ಕೋಶಕ್ಕೆ ಹೆಂಡತಿ ಮಕ್ಕಳಿಲ್ಲ ಎಂದು ಆಗ ಅವರಿಗೆ ನೆನಪಿಸಬೇಕು.

ಭಾಷಣದಲ್ಲಿ ಬಾರದ ಅರ್ಧ ಕತೆ ತೊಗಟೆಯಲ್ಲಿದೆ. ಎಲೆ ಬಿಸಿಲಿನಲ್ಲಿ ಮಾಡಿದ ಸಕ್ಕರೆ ತೊಗಟೆಯ ಒಳಪದರದ ಮೂಲಕ, ಅಂದರೆ ಫ್ಲೋಯಂ ಮೂಲಕ, ಬೇರಿನವರೆಗೂ ಇಳಿಯುತ್ತದೆ. ಕತ್ತಲಲ್ಲಿರುವ ಬೇರು ತನ್ನ ಊಟ ತಾನು ಮಾಡಿಕೊಳ್ಳಲಾರದು, ಅದಕ್ಕೆ ಮೇಲಿನಿಂದ ಬರಲೇಬೇಕು. ಬದುವಿನ ಮರ ನೆರಳು ಮಾಡುತ್ತದೆಂದು ಬೇಡವಾದವರು ಮಚ್ಚು ತೆಗೆದುಕೊಂಡು ಬುಡದ ಸುತ್ತ ಬಳೆಯ ಹಾಗೆ ತೊಗಟೆ ಸುಲಿಯುತ್ತಾರೆ. ನೀರು ಒಳಗಿನ ಮರದಲ್ಲಿ ಏರುತ್ತಲೇ ಇರುವುದರಿಂದ ಎಲೆ ಬಹಳ ದಿನ ಹಸಿರಾಗಿಯೇ ಕಾಣುತ್ತದೆ. ಕೆಳಗೆ ಬೇರು ಉಪವಾಸ ಬಿದ್ದಿರುತ್ತದೆ. ಬೇರು ಸತ್ತ ಮೇಲೆ ಮರ ಒಣಗುತ್ತದೆ.

ಸಮಾನಧರ್ಮ ಮುರಿದು ಬೀಳುವುದು ಇಲ್ಲಿಯೇ. ನನ್ನ ಅಜ್ಜಿ ಸೇದುವ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಯಾರಾದರೂ ಸೇದಿ ಮೇಲಿನಿಂದ ಸುರಿಯುವವರೆಗೆ ಕೊಡ ಹಿಡಿದು ಬಿಸಿಲಲ್ಲಿ ನಿಂತಿರಬೇಕಿತ್ತು. ಆ ಬಾವಿಯ ನೀರು ಹರಿದ ಹೊಲದಲ್ಲಿ ಕಳೆ ಕಿತ್ತವಳೂ ಅವಳೇ. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದು ಯಾಕೆ ಎಂಬುದನ್ನು ನಮ್ಮ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಯಾವ ಮರದಲ್ಲಿ ಎಲೆಯು ಬೇರಿಗೆ ಸಕ್ಕರೆ ಕೊಡುವುದಿಲ್ಲ, ಮುಟ್ಟಿದರೆ ಮೈಲಿಗೆ ಎನ್ನುತ್ತದೆ? ಜಾತಿ ಎನ್ನುವುದು ಕೆಲಸದ ವಿಭಜನೆ ಮಾತ್ರವಲ್ಲ, ಕೆಲಸ ಮಾಡುವವರನ್ನೇ ಒಬ್ಬರ ಮೇಲೊಬ್ಬರಂತೆ ವಿಭಜಿಸಿ ಇಡುವುದು ಎಂದು ಅವರು 1936ರ 'ಜಾತಿ ವಿನಾಶ'ದಲ್ಲಿ ವಿವರಿಸಿದ್ದಾರೆ. ಮರದಲ್ಲಿರುವುದು ಕೆಲಸದ ವಿಭಜನೆ ಮಾತ್ರ.

ಇನ್ನು ಬೆಳವಣಿಗೆ. ಇದನ್ನು ನಮ್ಮ ಮುರುಗಮಲ್ಲದ ಸುತ್ತಲಿನವರಿಗೆ ಪುಸ್ತಕದಿಂದ ಹೇಳಬೇಕಾಗಿಲ್ಲ, ರೇಷ್ಮೆ ಸಾಕುವ ಮನೆಗಳಿಗೆ ಗೊತ್ತು. ಹಿಪ್ಪುನೇರಳೆ ತೋಟ ಮಾಡಲು ಯಾರೂ ಬೀಜ ಬಿತ್ತುವುದಿಲ್ಲ. ಬಲಿತ ಕೊಂಬೆಯಿಂದ ಮೂರು ನಾಲ್ಕು ಕಣ್ಣಿರುವ ಕಡ್ಡಿ ಕತ್ತರಿಸಿ ನೆಡುತ್ತಾರೆ. ನಿನ್ನೆಯವರೆಗೆ ಎತ್ತರದಲ್ಲಿ ಗಾಳಿಗೆ ತೂಗುತ್ತಿದ್ದ ಕೊಂಬೆ ಅದು, ಅದರ ಮೈಯಲ್ಲಿ ಒಂದೆಳೆ ಬೇರೂ ಇರಲಿಲ್ಲ. ಮಣ್ಣು, ತೇವ ಸಿಕ್ಕ ಕೆಲವೇ ವಾರದಲ್ಲಿ ಅದೇ ಕಡ್ಡಿಯ ಕೆಳತುದಿಯಿಂದ ಬೇರು ಹೊರಡುತ್ತದೆ. ಹಾಗಾದರೆ ಬೇರಾಗುವುದು ಹುಟ್ಟಿನ ಗುಣ ಅಲ್ಲವಲ್ಲ.

ನಮ್ಮ ವಿಜ್ಞಾನ ಮೇಷ್ಟ್ರು ಸುಮ್ಮನೆ ಒಪ್ಪುವವರಲ್ಲ. "ಕಡ್ಡಿ ತಲೆಕೆಳಗು ನೆಟ್ಟರೆ ಏನಾಗುತ್ತೆ ಹೇಳಿ ಮೇಡಂ" ಎಂದರು. ಆಗಲೂ ಬೇರು ಬಂದರೆ ಅದು ಮೊದಲು ಬುಡದ ಕಡೆಗಿದ್ದ ತುದಿಯಿಂದಲೇ ಬರುತ್ತದಂತೆ. ಆಕ್ಸಿನ್ ಎಂಬ ರಸ ತುದಿಯಿಂದ ಬುಡದ ಕಡೆಗೆ ಹರಿಯುವುದರಿಂದ ಕಡ್ಡಿ ತನ್ನ ಬುಡ ಯಾವುದೆಂದು ಮರೆಯುವುದಿಲ್ಲ. ಅದಕ್ಕೇ ರೈತರು ಕಣ್ಣು ಮೇಲ್ಮುಖವಾಗಿರುವಂತೆ ನೋಡಿ ನೆಡುವುದು. ಇದು ಹುಟ್ಟುಗುಣ ಅಲ್ಲವೇ ಎಂದು ನನಗೂ ಒಂದು ರಾತ್ರಿ ಅನ್ನಿಸಿತು. ಉತ್ತರವನ್ನೂ ಅವರೇ ಕೊಟ್ಟರು: ಉದ್ದನೆಯ ಕಡ್ಡಿಯನ್ನು ನಟ್ಟನಡುವೆ ಕತ್ತರಿಸಿ. ಮಚ್ಚು ಬಿದ್ದ ಆ ಒಂದೇ ಜಾಗ ಮೇಲಿನ ತುಂಡಿಗೆ ಬುಡವಾಗುತ್ತದೆ, ಕೆಳಗಿನ ತುಂಡಿಗೆ ತುದಿಯಾಗುತ್ತದೆ. ಒಂದು ಕೂದಲೆಳೆ ಆಚೆ ಬೇರು, ಈಚೆ ಚಿಗುರು. ಹಾಗಿದ್ದ ಮೇಲೆ ಆ ಜಾಗ ಮೇಲೋ ಕೀಳೋ? ಯಾವುದರಿಂದ ಮೇಲೆ, ಯಾವುದರಿಂದ ಕೆಳಗೆ ಎಂದು ಕೇಳದೆ ಆ ಪ್ರಶ್ನೆಗೆ ಅರ್ಥವೇ ಇಲ್ಲ.

ನಮ್ಮ ಕಡೆಯವರದೂ ಒಂದು ಭಾಷಣವಿದೆ. ನಾವೇ ಬೇರು, ನಮ್ಮಿಂದಲೇ ಮರ ನಿಂತಿದೆ, ಹೆಮ್ಮೆಪಡಿ ಎನ್ನುವುದು. ಪ್ರೀತಿಯಿಂದಲೇ ಹೇಳುತ್ತಾರೆ, ಆದರೂ ನನಗೆ ಅದು ಹಿಡಿಸುವುದಿಲ್ಲ. ಹುಡುಗಿಯನ್ನು ಮಣ್ಣಿನೊಳಗೇ ಇಟ್ಟು ಅದಕ್ಕೆ ಹೂವಿನ ಹಾರ ಹಾಕಿದಂತೆ. ಅವಳು ನರ್ಸ್ ಆಗಬೇಕು ಎಂದುಕೊಂಡಿದ್ದಾಳೆ. "ನೀನು ಬೇರೂ ಅಲ್ಲ, ಎಲೆಯೂ ಅಲ್ಲ ಕಣಮ್ಮ, ಮನುಷ್ಯಳು" ಎಂದೆ. ಇಷ್ಟಕ್ಕೆ ಅವಳಿಗೆ ಸಮಾಧಾನ ಆಗಲಿಲ್ಲ, ಬುದ್ಧ ಇದರ ಬಗ್ಗೆ ಏನಾದರೂ ಹೇಳಿದ್ದಾರಾ ಎಂದು ಕೇಳಿದಳು.

ಹೇಳಿದ್ದಾರೆ, ಅದೂ ಗಿಡಮರದಿಂದಲೇ ಶುರುಮಾಡಿ. ಸುತ್ತನಿಪಾತದ ವಾಸೆಟ್ಠ ಸುತ್ತದಲ್ಲಿ ಇಬ್ಬರು ಬ್ರಾಹ್ಮಣ ಯುವಕರು, ವಾಸೆಟ್ಠ ಮತ್ತು ಭಾರದ್ವಾಜ, ಬ್ರಾಹ್ಮಣನಾಗುವುದು ಹುಟ್ಟಿನಿಂದಲೋ ನಡತೆಯಿಂದಲೋ ಎಂದು ವಾದ ಮಾಡಿ, ತೀರ್ಮಾನವಾಗದೆ ಭಗವಾನರ ಬಳಿ ಬರುತ್ತಾರೆ. ಅವರು ಹೇಳುವುದರ ಸಾರ ಇಷ್ಟು: ಹುಲ್ಲು ಮತ್ತು ಮರಗಳನ್ನು ನೋಡಿ, ಹುಳುಗಳನ್ನು, ಪ್ರಾಣಿಗಳನ್ನು, ಮೀನು ಹಕ್ಕಿಗಳನ್ನು ನೋಡಿ. ಅವುಗಳಲ್ಲಿ ಹುಟ್ಟಿನಿಂದ ಬಂದ ಬೇರೆ ಬೇರೆ ಗುರುತುಗಳಿವೆ. ಮನುಷ್ಯರ ಕೂದಲು, ಕಿವಿ, ಕಣ್ಣು, ಮೂಗು ಯಾವುದರಲ್ಲೂ ಅಂಥ ಗುರುತಿಲ್ಲ. ವ್ಯತ್ಯಾಸ ಇರುವುದು ಕರೆಯುವ ಹೆಸರಿನಲ್ಲಿ, ಮಾಡುವ ಕೆಲಸದಲ್ಲಿ.

ಈ ಸುತ್ತವನ್ನು ಹಲವು ಸಲ ಓದಿದ್ದೆ, ಆದರೆ ಮರದ ಭಾಷಣ ಕೇಳಿದ ಮೇಲೆ ಅದರಲ್ಲಿ ಇನ್ನೊಂದು ಕಂಡಿತು. ಗಿಡಮರಗಳಿಗೆ ಜಾತಿ ಇದೆ ಎಂದು ಬುದ್ಧರು ಒಪ್ಪುತ್ತಾರೆ. ಹಿಪ್ಪುನೇರಳೆ ಒಂದು ಜಾತಿ, ಹುಣಸೆ ಇನ್ನೊಂದು, ನೀಲಗಿರಿ ಮತ್ತೊಂದು. ಸರಿ, ಹಿಪ್ಪುನೇರಳೆಯ ಬೇರಿನ ಜಾತಿ ಯಾವುದು? ಹಿಪ್ಪುನೇರಳೆ. ಎಲೆಯ ಜಾತಿ? ಅದೂ ಹಿಪ್ಪುನೇರಳೆಯೇ. ಜಾತಿ ನಿಜವಾಗಿ ಇರುವ ಕಡೆಯಲ್ಲೂ ಒಂದೇ ಮರದೊಳಗೆ ಎರಡು ಜಾತಿ ಇಲ್ಲ. ಮರವನ್ನು ತೋರಿಸಿ ಜಾತಿ ಸಮರ್ಥಿಸುವವರು ಉಪಮಾನವನ್ನೇ ಸರಿಯಾಗಿ ನೋಡಿಲ್ಲ.

ಬರುವ ಭಾನುವಾರ ಸಂಜೆ ವಾಸೆಟ್ಠ ಸುತ್ತವನ್ನು ಪೂರ್ತಿ ಓದುತ್ತೇವೆ. ತೋಟ ಇರುವವರು ಬಲಿತ ಹಿಪ್ಪುನೇರಳೆ ಕಡ್ಡಿ ನಾಲ್ಕೈದು ತನ್ನಿ, ತುದಿ ಯಾವುದು ಬುಡ ಯಾವುದು ಎಂದು ಗೊತ್ತಾಗುವಂತೆ ಒಂದು ಕಡೆ ದಾರ ಕಟ್ಟಿರಲಿ. ಮಕ್ಕಳು ನಡುವೆ ಕತ್ತರಿಸಿ ಕುಂಡದಲ್ಲಿ ನೆಟ್ಟು ನೋಡುತ್ತಾರೆ.